ಏಡಿ ಬಿಲ ಮುಚ್ಚುವ ಮಿಸ್ ಪೆಟ್ರೋನಾ

ಭಾನುವಾರ. ಪೆಲಿಕನ್ ಪಾಯಿಂಟಿನ ಫುಟ್‌ಬಾಲ್ ಮೈದಾನದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪೆನಾಲ್ಟಿ ಚುಕ್ಕೆಯ ಪಕ್ಕದಲ್ಲಿ ಪೆಟ್ರೋನಾ ಲಾಂಬೆ ಬೋರಲು ಮಲಗಿದ್ದಾರೆ. ಬಲಗೈ ಮೊಣಕೈವರೆಗೂ ನೆಲದೊಳಗಿದೆ.

"ಬಾ ಮಗಾ, ಬಾ. ಇವತ್ತು ಪೆನಾಲ್ಟಿ ನೀನು ಹೊಡೀತೀಯಾ?"

ಒಳಗಿರುವುದು ಅಂಗೈಯಗಲದ ನೀಲಿ ಏಡಿ. ಅದು ಇಕ್ಕಳ ಬಿಚ್ಚುವ ಮೊದಲೇ ಬೆನ್ನು ಹಿಡಿದು ಹೊರಗೆಳೆದು ಗೋಣಿಚೀಲಕ್ಕೆ ಹಾಕುತ್ತಾರೆ. ಆಮೇಲೆ ಬಿಲದ ಆರೈಕೆ. ರಾತ್ರಿಯಿಡೀ ಏಡಿಗಳು ಕೊರೆದ ಈ ಕಡಲ ದಂಡೆಯ ನೆಲ ಮಧ್ಯಾಹ್ನದ ಪಂದ್ಯಕ್ಕೆ ಸಪಾಟಾಗುವುದು ಹೇಗೆ ಎಂದು ನೋಡಲೆಂದೇ ನಾನು ಇಷ್ಟು ಬೇಗ ಎದ್ದು ಬಂದಿದ್ದೇನೆ.

"ಬಾಯಿಗೆ ಮರಳು ತುಂಬಿದ್ರೆ ಒಳಗಿಂದ ದಬ್ಬಿಬಿಡುತ್ತೆ," ಎನ್ನುತ್ತಾರೆ ಅರವತ್ತೇಳರ ಪೆಟ್ರೋನಾ. "ಬಿಲ ಓರೆ ಹೋಗಿರುತ್ತೆ. ಎತ್ತ ತಿರುಗಿದೆ ಅಂತ ಕೈ ಹಾಕಿ ನೋಡ್ಬೇಕು. ತೆಂಗಿನ ಸಿಪ್ಪೇಲಿ ಬಿರಡೆ ಹಾಕಿ, ಮೇಲೆ ಮರಳು ಒತ್ಬೇಕು."

"ಕಚ್ಚಲ್ವಾ ಮಿಸ್?"

"ಕಚ್ಚುತ್ತೆ. ನನ್ನ ಗಂಡನ ಬಾಯಿಗೆ ಹೋಲಿಸಿದ್ರೆ ಇದು ಏನೂ ಅಲ್ಲ!"

ಬೆಲೀಜಿನ ಈ ತೀರಕ್ಕೆ ಚೆಂಡು ಬಂದ ಬಗೆಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಪೆಟ್ರೋನಾ ಅವರ ಅಜ್ಜನ ಪ್ರಕಾರ ಅದು ಬಾಳೆಗೊನೆ ಹೇರಲು ಬಂದ ಹಡಗಿನಿಂದ ಬಂತು. ಬಿಳಿಯ ನಾವಿಕರು ಹನ್ನೊಂದು ಜನ ಆಗದೆ ಗೊನೆ ಹೊರುವ ನಮ್ಮ ಗರಿಫುನಾ ಜನಾಂಗದ ಹುಡುಗರನ್ನು ಸೇರಿಸಿಕೊಂಡರಂತೆ. ಹಡಗು ಹೋಯಿತು, ಚೆಂಡು ಉಳಿಯಿತು. ದೋಣಿ ಒಣಹಾಕುತ್ತಿದ್ದ ಜಾಗ ಮೈದಾನವಾಯಿತು. ಅಲ್ಲಿಂದ ಇಲ್ಲಿಯವರೆಗಿನ ನಮ್ಮ ಫುಟ್‌ಬಾಲ್ ಚರಿತ್ರೆ ಎಂದರೆ, ಮುಚ್ಚುಮರೆ ಏಕೆ, ಬಹುಪಾಲು ಸೋಲಿನದೇ. ದೇಶದ ತಂಡ ವಿಶ್ವಕಪ್ಪನ್ನು ಟೀವಿಯಲ್ಲಷ್ಟೇ ನೋಡಿದೆ. ಸೋತ ಮರುದಿನವೂ ಮಕ್ಕಳು ಬರಿಗಾಲಲ್ಲಿ ಇಲ್ಲೇ ಆಡುತ್ತಿರುತ್ತಾರೆ.

ಪೆಟ್ರೋನಾ ಕೂಡ ಆಡಿದವರೇ. ಊರಿನ ಮೊದಲ ಹೆಂಗಸರ ತಂಡದಲ್ಲಿ ಗೋಲಿನ ಮುಂದೆ ಕಾವಲು ನಿಲ್ಲುತ್ತಿದ್ದರು. ಒಂದು ಮಧ್ಯಾಹ್ನ ಚೆಂಡಿನ ಹಿಂದೆ ಓಡುವಾಗ ಎಡಗಾಲು ಏಡಿ ಬಿಲಕ್ಕೆ ಹೋಯಿತು. ಕಾಲಿನ ಗಂಟು ಮುರಿದು, ಆಟ ಅಲ್ಲಿಗೇ ಮುಗಿಯಿತು.

"ಎರಡು ತಿಂಗಳು ಮಲಗಿದ್ದೆ. ಎದ್ದ ದಿನ ಬಂದು ಆ ಬಿಲ ಮುಚ್ಚಿದೆ. ಪಕ್ಕದಲ್ಲೇ ಇನ್ನೊಂದಿತ್ತು, ಅದನ್ನೂ ಮುಚ್ಚಿದೆ. ಇನ್ನೂ ಮುಗಿದಿಲ್ಲ ನೋಡು." ಅವರು ನಗುತ್ತಾರೆ. ನನಗೇಕೋ ನಗು ಬರುವುದಿಲ್ಲ.

ಇವತ್ತು ಮಾತ್ರ ಅವರ ಕೈ ಎಂದಿಗಿಂತ ಚುರುಕಾಗಿದೆ. ಲೀಗಿನವರು ಮೈದಾನ ಪರೀಕ್ಷೆಗೆ ಬರುತ್ತಿದ್ದಾರೆ. ಅವರು ಒಪ್ಪದಿದ್ದರೆ ನಮ್ಮ ತಂಡ ತನ್ನ ತವರಿನ ಪಂದ್ಯಗಳನ್ನೆಲ್ಲ ಮೂರು ತಾಸು ದೂರದ ಪಟ್ಟಣದಲ್ಲಿ ಆಡಬೇಕು. ಅಲ್ಲಿಗೆ ಹೋಗಿ ನೋಡುವವರಾರು?

ಇದಕ್ಕೆಲ್ಲ ಕಾರಣ ಕ್ಲಬ್ಬಿನ ಕಾರ್ಯದರ್ಶಿ ಕ್ಲೆಮೆಂಟ್ ಅವಿಲೆಸ್. ಕಳೆದ ವರ್ಷ ಮಗಳ ಹೆರಿಗೆಗೆಂದು ಪೆಟ್ರೋನಾ ಊರಲ್ಲಿರಲಿಲ್ಲ. ಮರಳು ಹೊರುವ ಕಷ್ಟ ಏಕೆಂದು ಕ್ಲೆಮೆಂಟ್, ರೊಟ್ಟಿ ಸುಡುವ ಮನೆಗಳಲ್ಲಿ ಜರಡಿ ಮೇಲೆ ಉಳಿಯುವ ಮರಗೆಣಸಿನ ತರಿಯನ್ನು ಚೀಲಗಟ್ಟಲೆ ತಂದು ಬಿಲಗಳಿಗೆ ತುಂಬಿಸಿದರು. ಬಿಟ್ಟಿ ಊಟದ ಸುದ್ದಿ ದಂಡೆಯ ಏಡಿಗಳಿಗೆಲ್ಲ ಮುಟ್ಟಿತು. ಬೆಳಗಾದಾಗ ಮೈದಾನ ಜರಡಿಯಂತಾಗಿತ್ತು. ಎದುರಾಳಿ ತಂಡ ಬಸ್ಸಿನಿಂದ ಇಳಿಯಲೇ ಇಲ್ಲ, ನೇರ ಹೋಗಿ ಲೀಗಿಗೆ ದೂರು ಕೊಟ್ಟಿತು.

"ಮದುವೆ ಊಟ ಹಾಕಿಸ್ದ ನಮ್ಮ ಕ್ಲೆಮ್," ಎಂದು ಪೆಟ್ರೋನಾ ಈಗಲೂ ಕಾಲೆಳೆಯುತ್ತಾರೆ.

"ಸಾಕು ಬಿಡಿ ಮಿಸ್, ಒಂದು ವರ್ಷದಿಂದ ಅದನ್ನೇ ಅಂತೀರಾ," ಎಂದು ಕ್ಲೆಮೆಂಟ್ ತಲೆ ಕೆರೆದುಕೊಳ್ಳುತ್ತಾರೆ.

ಹತ್ತು ಗಂಟೆಗೆ ಪರೀಕ್ಷಕ ಹೋರಾಸ್ ಟಿಲೆಟ್ ಬರುತ್ತಾರೆ. ಒಳನಾಡಿನವರು, ಮಿತಭಾಷಿ. ಸಾಲು ಹಿಡಿದು ನಡೆಯುತ್ತಾ ಹಿಮ್ಮಡಿಯಿಂದ ನೆಲ ಒತ್ತಿ ನೋಡುತ್ತಾರೆ. ಎಲ್ಲೂ ಕುಸಿಯುವುದಿಲ್ಲ.

"ಇವತ್ತು ಚೆನ್ನಾಗಿದೆ. ನಾಳೆ? ಬಿಲಗಳಿಗೆ ವಿಷ ಹಾಕಿಸಿ, ಈಗಲೇ ಒಪ್ಪಿಗೆ ಕೊಡ್ತೀನಿ."

ಕ್ಲೆಮೆಂಟ್ ಆಗಲೇ ಹ್ಞೂಂ ಎಂದು ತಲೆಯಾಡಿಸುತ್ತಿದ್ದಾರೆ. ಪೆಟ್ರೋನಾ ಅಡ್ಡ ಬರುತ್ತಾರೆ.

"ಈ ಏಡೀನೇ ನಮ್ಮ ಮಕ್ಕಳು ತಿನ್ನೋದು ಸಾರ್. ವಿಷ ಹಾಕಿ ಆಡೋ ಆಟ ನಮಗೆ ಬೇಡ. ಮಧ್ಯಾಹ್ನ ಕೂತು ಪಂದ್ಯ ನೋಡಿ. ಒಬ್ಬನ ಕಾಲು ಬಿಲಕ್ಕೆ ಹೋದ್ರೂ ಬೀಗ ಜಡೀರಿ."

"ಮಿಸ್!" ಎಂದು ಕ್ಲೆಮೆಂಟ್ ಹಣೆ ಚಚ್ಚಿಕೊಳ್ಳುತ್ತಾರೆ. ಟಿಲೆಟ್ ಒಂದು ಕುರ್ಚಿ ತರಿಸಿಕೊಳ್ಳುತ್ತಾರೆ.

ಮೊದಲರ್ಧ ಸುಸೂತ್ರ. ವಿರಾಮದಲ್ಲಿ ಮಳೆ ಸುರಿಯುತ್ತದೆ. ಜೂನ್ ಮಳೆಗೆ ಏಡಿಗಳು ಸಮುದ್ರದ ಕಡೆ ಹೊರಡುವುದು ನಮಗೆಲ್ಲ ಗೊತ್ತು, ಟಿಲೆಟ್ ಅವರಿಗೆ ಗೊತ್ತಿಲ್ಲ. ಮಳೆ ನಿಲ್ಲುವಷ್ಟರಲ್ಲಿ ಬಿರಡೆ ಒದ್ದು ಹತ್ತಾರು ಏಡಿಗಳು ಮೈದಾನ ದಾಟುತ್ತಿವೆ. ಟಿಲೆಟ್ ಕುರ್ಚಿಯಿಂದ ಎದ್ದು ನಿಲ್ಲುತ್ತಾರೆ. ಪೆಟ್ರೋನಾ ಮೈದಾನದ ನಡುವಿಗೆ ಬಂದು ಕೂಗುತ್ತಾರೆ.

"ಮೊದಲು ಹಿಡೀರೋ! ನೀವೂ ಬನ್ನಿ, ಎದುರು ಪಾರ್ಟಿಯೋರು! ಹಿಡಿದೋರಿಗೇ ಏಡಿ!"

ಹೇಳಬೇಕೇ? ಎರಡೂ ಕಡೆಯ ಜನ ಬಕೆಟ್ಟು, ಟೋಪಿ, ಬಿಚ್ಚಿದ ಅಂಗಿ ಹಿಡಿದು ನುಗ್ಗುತ್ತಾರೆ. ರೆಫರಿಯ ಕೈಯಲ್ಲೂ ಒಂದು ಏಡಿ. ಎಲ್ಲರ ಹಿಂದೆ ಕುಂಟುತ್ತಾ ಪೆಟ್ರೋನಾ, ಸಿಪ್ಪೆಯ ಬುಟ್ಟಿ ಹೊತ್ತು ಕ್ಲೆಮೆಂಟ್. ಬಿಲದಿಂದ ಬಿಲಕ್ಕೆ ಕೈ ಇಳಿಯುತ್ತದೆ, ತಡಕುತ್ತದೆ, ಮುಚ್ಚುತ್ತದೆ. ಆಟ ತಡವಾಗಿ ಶುರುವಾಗುತ್ತದೆ. ಆಮೇಲೆ ಪೆಟ್ರೋನಾ ಚೆಂಡನ್ನು ನೋಡುವುದೇ ಇಲ್ಲ, ಆಟಗಾರರ ಪಾದಗಳನ್ನಷ್ಟೇ ನೋಡುತ್ತಾರೆ.

ಕೊನೆಯ ಸೀಟಿ ಮೊಳಗುತ್ತದೆ. ಒಂದು ಕಾಲೂ ಬಿಲಕ್ಕೆ ಹೋಗಿಲ್ಲ.

"ಈ ವರ್ಷ ಇಲ್ಲೇ ಆಡ್ಕೊಳ್ಳಿ," ಎನ್ನುತ್ತಾರೆ ಟಿಲೆಟ್. ಏಡಿ ತುಂಬಿದ ಬಕೆಟ್ಟಿನತ್ತ ಬಗ್ಗಿ, "ಆ ಏಡಿ ಸಾರು ಹೇಗೆ ಮಾಡ್ತಾರೆ?" ಎಂದು ಕೇಳುತ್ತಾರೆ.

ಇಷ್ಟಾಗಿಯೂ ನಮ್ಮವರು ಎರಡು ಗೋಲಿನಿಂದ ಸೋತಿದ್ದಾರೆ. ಆಟಗಾರರು ತಲೆ ತಗ್ಗಿಸಿ ಕೂತಿದ್ದಾರೆ. ಇಷ್ಟು ಕಷ್ಟಪಟ್ಟಿರಿ, ಬೇಜಾರಾಗಲಿಲ್ಲವೇ ಎಂದು ಪೆಟ್ರೋನಾ ಅವರನ್ನು ಕೇಳುತ್ತೇನೆ. ಅವರು ಕೈಯ ಮರಳು ಕೊಡವಿಕೊಳ್ಳುತ್ತಾರೆ.

"ಬೇಜಾರು ಯಾಕಪ್ಪಾ? ನಮ್ಮೂರಲ್ಲೇ ಸೋತ್ರಲ್ಲ."