ತೊಳೆದರೂ ಹೋಗದ ಅರಿಶಿನ

ಶ್ರಾವಣದ ಶುಕ್ರವಾರ. ಎದುರುಮನೆಯ ವಸಂತಾ ಕುಂಕುಮಕ್ಕೆ ಕರೆದು ನನ್ನ ಕೆನ್ನೆ ತುಂಬ ಅರಿಶಿನ ಹಚ್ಚಿದಳು. ಮರುದಿನ ಸೋಪು ಹಾಕಿ ತೊಳೆದೆ. ಹೋಗಲಿಲ್ಲ.

"ನಿಮ್ಮ ಮುಖಕ್ಕೆ ಅರಿಶಿನ ಎಷ್ಟು ಚೆನ್ನಾಗಿ ಹಿಡಿದಿದೆ ಕಣ್ರೀ. ನಿಮ್ಮೆಜಮಾನ್ರ ಆಯಸ್ಸು ಗಟ್ಟಿ," ಎಂದಳು ವಸಂತಾ. ನಾನೂ ಹಿಗ್ಗಿದೆ. ಹೌ ಸಿಲ್ಲಿ. ಆಗಲೇ ಶುರುವಾಗಿದ್ದ ಮೈ ಕೆರೆತಕ್ಕೆ ಹೊಸ ಡಿಟರ್ಜೆಂಟೇ ಕಾರಣ ಅಂದುಕೊಂಡಿದ್ದೆ. ವಾರ ಕಳೆದ ಮೇಲೆ ಕಿಟಕಿ ಬೆಳಕಿನಲ್ಲಿ ಪೇಪರ್ ಓದುತ್ತಿದ್ದ ಯಜಮಾನರು ತಲೆಯೆತ್ತಿ ನನ್ನನ್ನೇ ನೋಡಿದರು.

"ವಸಂತಾ ಕಣ್ಣಿಗೂ ಹಚ್ಚಿದ್ಲೇನೇ?"

ಅವರು ನಗಲಿಲ್ಲ.

ಸ್ಕ್ಯಾನ್, ಸ್ಟೆಂಟ್, ಬಯಾಪ್ಸಿ. ಲಿವರ್ ಒಳಗಿನ ಪಿತ್ತನಾಳದಲ್ಲಿ ಕ್ಯಾನ್ಸರ್. ಕಟ್ಟಿಕೊಂಡಿದ್ದ ನಾಳಕ್ಕೆ ಸ್ಟೆಂಟ್ ಹಾಕಿದ ಮೇಲೆ ಕಣ್ಣು, ಕೆನ್ನೆಯ ಹಳದಿ ಇಳಿಯಿತು. ಗೆಡ್ಡೆ ಕೀಮೋಗೂ ಜಗ್ಗಲಿಲ್ಲ. ಕೊನೆಗೊಂದು ದಿನ ಆಂಕಾಲಜಿಸ್ಟ್, ಇನ್ನೂ ಕಾಲೇಜು ಹುಡುಗಿಯಂತೆ ಕಾಣುವವಳು, ಕುರ್ಚಿ ಹತ್ತಿರಕ್ಕೆಳೆದುಕೊಂಡಳು.

"ಆಂಟಿ, ನಿಮ್ಮ ಟ್ಯೂಮರಲ್ಲಿ ಒಂದು ಜೀನ್ ಚೇಂಜ್ ಸಿಕ್ಕಿದೆ. ಅದನ್ನೇ ಹುಡುಕ್ಕೊಂಡು ಹೋಗಿ ತಡೆಯೋ ಮಾತ್ರೆ ಇದೆ. ಟಾರ್ಗೆಟೆಡ್ ಥೆರಪಿ."

"ವಾಸಿ ಆಗುತ್ತೇನಮ್ಮಾ?"

"ತಡೆಯೋಣ."

ಆ ಒಂದು ಮಾತನ್ನು ಬಸವೇಶ್ವರನಗರದ ಮನೆವರೆಗೂ ಮಡಿಲಲ್ಲಿಟ್ಟುಕೊಂಡು ಬಂದೆ.

ಎರಡು ವಾರ ದಿನಕ್ಕೊಂದು ಮಾತ್ರೆ, ಒಂದು ವಾರ ಬಿಡುವು. ಬಾಯಿ ಒಣಗಿತು. ಕಣ್ಣಿಗೆ ಮರಳು ಬಿದ್ದಂತೆ. ಉಗುರುಗಳು ಬುಡ ಬಿಟ್ಟು ಮೇಲೆದ್ದವು. ಕಾನ್ವೆಂಟಿನ ಅಸೆಂಬ್ಲಿಯಲ್ಲಿ ಸಿಸ್ಟರಿಗೆ ಉಗುರು ತೋರಿಸುತ್ತಿದ್ದ ಹಾಗೆಯೇ ಡಾಕ್ಟರ್ ಮುಂದೆ ಎರಡೂ ಕೈ ಚಾಚಿದೆ.

"ಬ್ಲಡ್ಡಲ್ಲಿ ಫಾಸ್ಫೇಟೂ ಏರಿದೆ ಆಂಟಿ. ಮಾತ್ರೆ ಒಳಗೆ ಮುಟ್ಟಿದೆ ಅಂತ ಅರ್ಥ. ಆದ್ರೆ ತುಂಬ ಏರಬಾರದು. ಹಾಲು, ಮೊಸರು ಸದ್ಯಕ್ಕೆ ಬೇಡ."

ಮೊಸರಿಲ್ಲದೆ ಊಟ ಮುಗಿಯುವುದು ಹೇಗೆ? ಸಾರನ್ನ ಉಂಡು, ಕೈ ಒಣಗಿದರೂ ಕೂತೇ ಇರುತ್ತಿದ್ದೆ. ಬಡಿಸುವುದು ಇನ್ನೂ ಬಾಕಿಯಿದೆ ಅನಿಸುತ್ತಿತ್ತು. ಯಜಮಾನರೂ ಮೊಸರು ಬಿಟ್ಟರು.

"ನೀವ್ಯಾಕೆ ಬಿಡ್ತೀರಿ?"

"ನನಗೆ ನೆಗಡಿ ಕಣೇ."

ಆ ನೆಗಡಿ ತಿಂಗಳುಗಟ್ಟಲೆ ಇಳಿಯಲಿಲ್ಲ.

ವಿಚಿತ್ರವೆಂದರೆ, ಬಿಡುವಿನ ವಾರವೇ ನನಗೆ ಹೆಚ್ಚು ಭಯ. ಬಾಯಿಗೆ ರುಚಿ ಬರುತ್ತದೆ, ಕಣ್ಣು ತಂಪಾಗುತ್ತದೆ, ನನಗೆ ಹಿತವಾದಷ್ಟೂ ಒಳಗೆ ಕೂತಿರುವುದಕ್ಕೂ ಹಿತವಾಗುತ್ತಿದೆಯೇನೋ ಎಂದು ಹೊಟ್ಟೆಯ ಬಲಭಾಗಕ್ಕೆ ಕೈ ಹೋಗುತ್ತದೆ. ಮೊನ್ನೆಯ ಸ್ಕ್ಯಾನಿನಲ್ಲಿ ಗೆಡ್ಡೆ ಕುಗ್ಗಿದೆ. ಎಷ್ಟು ದಿನ ಹೀಗೆ ಎಂದು ಕೇಳಿದೆ.

"ಮುಂದೆ ಅದು ಮಾತ್ರೆಯಿಂದಲೂ ತಪ್ಪಿಸ್ಕೊಳ್ಳೋದು ಕಲೀಬಹುದು ಆಂಟಿ. ನೋಡ್ತಾ ಇರೋಣ."

ನೋಡುತ್ತಿದ್ದೇವೆ. ಬೆಳಿಗ್ಗೆ ಪೇಪರ್ ಬಿಡಿಸುವ ಮೊದಲು ಯಜಮಾನರು ನನ್ನನ್ನು ಕಿಟಕಿ ಹತ್ತಿರ ನಿಲ್ಲಿಸಿ, ಕೆಳರೆಪ್ಪೆ ಎಳೆದು, ಕಣ್ಣಿನ ಬಿಳಿ ನೋಡುತ್ತಾರೆ. ಕೆನ್ನೆ ನೋಡುತ್ತಾರೆ. ಆಮೇಲೆ ಉಸಿರು ಬಿಡುತ್ತಾರೆ.

ಈ ವರ್ಷದ ಶ್ರಾವಣ ಶುಕ್ರವಾರ ಬಿಡುವಿನ ವಾರದಲ್ಲಿ ಬಂತು. ಫಾಸ್ಫೇಟ್ ಇಳಿದಿದ್ದರಿಂದ ಡಾಕ್ಟರ್ ಎರಡು ಚಮಚ ಮೊಸರಿಗೆ ಒಪ್ಪಿದ್ದಳು. ಯಜಮಾನರ ನೆಗಡಿಯೂ ಅವತ್ತೇ ವಾಸಿ. ಸಂಜೆ ವಸಂತಾ ಅರಿಶಿನದ ಬಟ್ಟಲು ಹಿಡಿದು ಬಂದಳು. ಅಭ್ಯಾಸಬಲ, ಕೆನ್ನೆ ಒಡ್ಡಿದೆ.

"ಮುಖಕ್ಕೆ ಬೇಡಮ್ಮ ವಸಂತಾ," ಎಂದರು ಯಜಮಾನರು, ಪೇಪರ್ ಇಳಿಸದೆ. "ಬೆಳಿಗ್ಗೆ ನಾನು ನೋಡ್ಬೇಕು."

ವಸಂತಾ ನೆಲದ ಮೇಲೆ ಕೂತು ನನ್ನ ಪಾದಗಳಿಗೆ ದಟ್ಟವಾಗಿ ಹಚ್ಚಿದಳು.

ಮಲಗುವ ಮುಂಚೆ ತೊಳೆದೆ. ಹೋಯಿತು.