ಬೆಕ್ಕು ಆರಿಸಿದ ಸೀರೆ

ಇಸ್ತಾಂಬುಲ್ ಊರಿನಲ್ಲಿ ನೆರ್ಮಿನ್ ಎಂಬ ಅಜ್ಜಿ ನಡೆಸುವ ಅತಿಥಿಗೃಹದ ಎರಡನೆಯ ಅಂತಸ್ತು. ನಮ್ಮ ಕೋಣೆಯ ಬಾಗಿಲಿನಿಂದ ಒಳಕ್ಕೆ ಎರಡು ಹೆಜ್ಜೆಯ ಮೇಲೆ, ಎಡಗೈಯಲ್ಲಿ ಚಹಾದ ಲೋಟ ಹಿಡಿದು ನಾನು ನಿಂತಿದ್ದೆ. ಹೋದ ಅಕ್ಟೋಬರ್, ಗುರುವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಗೋಡೆಯ ಗಡಿಯಾರ ಐದು ನಿಮಿಷ ಮುಂದಿತ್ತು. ಅದನ್ನು ಕಳೆದೇ ಹೇಳುತ್ತಿದ್ದೇನೆ. ಇಷ್ಟು ಕರಾರುವಾಕ್ಕಾಗಿ ಹೇಳಬೇಕಾಗಿರುವುದು ಯಾಕೆಂದರೆ, ಗದ್ವಾಲದಲ್ಲಿ ಈ ಸಂಗತಿಯನ್ನು ಬೇರೆಯೇ ರೀತಿಯಲ್ಲಿ ಹೇಳುತ್ತಾರಂತೆ.

ನಾನು ನಾರಾಯಣಪೇಟೆಯ ನೇಕಾರ. ಹೆಂಡತಿ ರತ್ನಮ್ಮ ಮಕ್ತಲದವಳು. ನನ್ನ ಮಗ್ಗಕ್ಕೆ ನೂಲು ಸುತ್ತುವವಳೂ ನನಗೆ ಬುದ್ಧಿ ಹೇಳುವವಳೂ ಅವಳೇ. ಕೈಕಸುಬಿನ ಒಂದು ಪ್ರದರ್ಶನಕ್ಕೆ ನಮ್ಮಿಬ್ಬರನ್ನೂ ಗದ್ವಾಲದ ನೇಕಾರ ನರಸಪ್ಪನನ್ನೂ ಕರೆಸಿದ್ದರು. ಒಬ್ಬ ನೇಕಾರ ಒಂದೇ ಸೀರೆ ತರಬೇಕು, ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ ಎಂದು ಅಪ್ಪಣೆಯಾಗಿತ್ತು. ನಾನು ಮೂವತ್ತೆಂಟು ದಿನ ಕೂತು ಒಂದು ಹತ್ತಿ ಸೀರೆ ನೇಯ್ದೆ; ಕುಂಕುಮದ ಬಣ್ಣ, ಸಣ್ಣ ಚೌಕಳಿ, ಅಂಚಿಗೆ ಗೋಪುರದ ಸಾಲು. ನರಸಪ್ಪನದು ಜರಿ ತುಂಬಿದ ಸೆರಗಿನದು. ವಿಮಾನ ಹತ್ತಿದಾಗಿನಿಂದ ಅವನದು ಒಂದೇ ರಾಗ.

“ಅಣ್ಣಾ, ನಮ್ಮ ಸೀರಿ ಮಡಚಿದರ ಮುಷ್ಟಿಯಾಗ ಹಿಡೀತೈತಿ. ನಿಮ್ದು?”

“ನಮ್ದು ಉಡಾಕ ನೇಯ್ದದ್ದು ತಮ್ಮಾ, ಹಿಡ್ಯಾಕಲ್ಲ” ಎಂದೆ. ಅದು ಒಳ್ಳೆಯ ಉತ್ತರವಾಗಿತ್ತು. ಆದರೆ ಅವನು ಅಷ್ಟರಲ್ಲಿ ನಿದ್ದೆ ಹೋಗಿದ್ದ.

ಅಜ್ಜಿಯ ಮನೆಯಲ್ಲಿ ಏಳು ಬೆಕ್ಕು. ಒಂದು ಫ್ರಿಜ್ಜಿನ ಮೇಲೆ, ಒಂದು ಹೆಸರು ಬರೆಸುವ ಪುಸ್ತಕದ ಮೇಲೆ. ಆ ಬೆಕ್ಕು ಎದ್ದ ಮೇಲೆಯೇ ನಮ್ಮ ಹೆಸರು ಬರೆಸಲು ಆದದ್ದು. ನೇಕಾರರ ಮನೆಯಲ್ಲಿ ಬೆಕ್ಕು ಇರುವುದು ಹೊಸದಲ್ಲ. ಮಗ್ಗದ ಮೇಲೆ ಉದ್ದಕ್ಕೆ ಹಾಸುವ ನೂಲಿಗೆ ಗಂಜಿ ಹಚ್ಚುತ್ತೇವೆ, ಗಂಜಿಗೆ ಇಲಿ ಬರುತ್ತದೆ, ಇಲಿಗೆ ಬೆಕ್ಕು. ಹಾಗಾಗಿ ನಮ್ಮಲ್ಲಿ ಬೆಕ್ಕೆಂದರೆ ಕೆಲಸಕ್ಕೆ ಇಟ್ಟುಕೊಂಡ ಆಳು. ಈ ಮನೆಯಲ್ಲಿ ಅವು ಯಜಮಾನರು, ನಾವು ಅವುಗಳ ದಯೆಯಿಂದ ಉಳಿದುಕೊಂಡವರು. ಕುರ್ಚಿಯಲ್ಲಿ ಕೂರುವ ಮೊದಲು ನಾನು ಅಲ್ಲಿದ್ದ ಮೂರು ದಿನವೂ ಬಗ್ಗಿ ನೋಡಿ, ಅಪ್ಪಣೆ ಕೇಳಿದಂತೆ ಕೆಮ್ಮಿ, ಆಮೇಲೆ ಕೂತಿದ್ದೇನೆ.

ಇನ್ನು ನಡೆದದ್ದು. ಪ್ರದರ್ಶನ ಅಂದೇ ಹತ್ತು ಗಂಟೆಗೆ. ಸೀರೆಗಳಿಗೆ ನುಸಿಗುಳಿಗೆಯ ವಾಸನೆ ಹಿಡಿದಿತ್ತು. ನಮ್ಮ ಕೋಣೆಗೆ ಬಿಸಿಲು ಬರುತ್ತಿದ್ದುದರಿಂದ ವಾಸನೆ ಹೋಗಲೆಂದು ನರಸಪ್ಪನೂ ತನ್ನ ಸೀರೆಯ ಪೆಟ್ಟಿಗೆ ತಂದು ನನ್ನ ಪೆಟ್ಟಿಗೆಯ ಪಕ್ಕದಲ್ಲೇ ತೆರೆದಿಟ್ಟಿದ್ದ. ಅವನು ಬಾಗಿಲಿನಲ್ಲಿ ನಿಂತು ಹಲ್ಲುಜ್ಜುತ್ತಿದ್ದ. ರತ್ನಮ್ಮ ಕಿಟಕಿಯ ಬಳಿ ತಲೆ ಬಾಚಿಕೊಳ್ಳುತ್ತಿದ್ದಳು. ಆಗ ಬೂದು ಬಣ್ಣದ ಬೆಕ್ಕು, ಹೊಟ್ಟೆ ನೆಲಕ್ಕೆ ತಾಗುವಷ್ಟು ದಪ್ಪ, ನಮ್ಮ ಮೂವರ ನಡುವೆ ಹಾದು ಒಳಗೆ ಬಂತು.

ಮೊದಲು ನರಸಪ್ಪನ ಪೆಟ್ಟಿಗೆ ಹತ್ತಿತು. ಇದನ್ನು ಅಡಿಗೆರೆ ಹಾಕಿ ಹೇಳುತ್ತೇನೆ. ಜರಿಯ ಸೆರಗಿನ ಮೇಲೆ ಎರಡು ಸುತ್ತು ಸುತ್ತಿತು, ಮುಂಗಾಲಿನಿಂದ ಒತ್ತಿ ನೋಡಿತು, ಮೂಸಿತು, ಕಿವಿ ಹಿಂದಕ್ಕೆ ಮಾಡಿತು, ಇಳಿಯಿತು. ನಂತರ ನನ್ನ ಪೆಟ್ಟಿಗೆ ಹತ್ತಿ, ಒಂದೇ ಸುತ್ತು ಸುತ್ತಿ, ಮಲಗಿತು. ನಾನು ಲೋಟ ಕೆಳಗಿಡುವಷ್ಟರಲ್ಲಿ ಮೊದಲ ಮರಿ ಬಂದಿತ್ತು.

ಸೀರೆ ಎಳೆದುಕೊಳ್ಳಲು ಬಗ್ಗಿದೆ.

“ಕೈ ಹಿಂದಕ ತಗೋರಿ!” ಎಂದಳು ರತ್ನಮ್ಮ. “ಬಾಣತಿ ಅದಾಳ, ಕಾಣವಲ್ದೇನು?”

“ಹತ್ತಕ್ಕ ಹೋಗಬೇಕೈತಿ. ನನ್ನ ಹತ್ರ ಇರೋದೇ ಒಂದು ಸೀರಿ!”

“ಆಕಿ ಹತ್ರ ಇರೋದೂ ಒಂದೇ. ಸುಮ್ನಿರ್ರಿ.”

ನನ್ನ ಅತ್ತೆಯ ಮನೆಯಲ್ಲಿ ಹಿಂದೊಮ್ಮೆ ಮಗ್ಗದ ಕೆಳಗೆ ನೇಕಾರ ಕಾಲು ಇಳಿಬಿಡುವ ಕುಣಿಯಲ್ಲಿ ಬೆಕ್ಕು ಮರಿ ಹಾಕಿತ್ತು. ತಾಯಿಬೆಕ್ಕು ಮರಿಗಳನ್ನು ಕಚ್ಚಿಕೊಂಡು ತಾನಾಗಿ ಮುಂದಿನ ಮನೆಗೆ ಹೋಗುವವರೆಗೆ, ಹನ್ನೊಂದು ದಿನ, ಆ ಮಗ್ಗ ಸದ್ದು ಮಾಡಲಿಲ್ಲ. ಮಾವ ಜಗುಲಿಯಲ್ಲಿ ಕೂತು ಬೀದಿ ನೋಡಿದರು. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆಂದು ಕೇಳಿದ್ದೇವಷ್ಟೆ. ಅದರಲ್ಲಿ ಮೊದಲನೆಯ ಮನೆಯವರ ಪಾಡೇನೆಂದು ಯಾರೂ ಹೇಳಿಲ್ಲ.

ಅಜ್ಜಿ ಮೇಲೆ ಬಂದಳು. ನಮಗೆ ಅವಳ ಭಾಷೆ ಬಾರದು, ಅವಳಿಗೆ ನಮ್ಮದು. ಆದರೆ ಅವಳು ಕೆನ್ನೆಗೆ ಕೈ ಹಚ್ಚಿ, ಮರಿಯನ್ನು ಮೆಚ್ಚಿ “ಮಾಶಾಲ್ಲಾ” ಎಂದಾಗ, ಉರ್ದು ಕೇಳುತ್ತಲೇ ಬೆಳೆದ ನಾರಾಯಣಪೇಟೆಯವನಿಗೆ ಅರ್ಥ ಹೇಳುವವರು ಬೇಕೆ? ಆಮೇಲೆ ನನ್ನ ಮುಖ ನೋಡಿ, ಭುಜ ತಟ್ಟಿ, “ಸಬರ್, ಸಬರ್” ಎಂದಳು.

“ನೋಡ್ರಿ, ಆಯಮ್ಮನೂ ಸಬರ್ ಮಾಡು, ತಡ್ಕೋ ಅಂತಾಳ” ಎಂದಳು ರತ್ನಮ್ಮ.

ನರಸಪ್ಪ ಬಾಯಿ ತೊಳೆದು ಬಂದು ನಕ್ಕ. “ಅಣ್ಣಾ, ನಿಮ್ಮ ಸೀರಿ ಬೆಕ್ಕಿನ ಹೆರಿಗಿಗೆ ಹೇಳಿ ಮಾಡಿಸಿದಂಗೈತಿ.”

“ನಿನ್ನ ಸೀರಿ ಮ್ಯಾಲೂ ಹತ್ತಿತ್ತಪ್ಪಾ” ಎಂದಳು ರತ್ನಮ್ಮ, ಬಾಚಣಿಗೆಯ ಕೂದಲು ಬಿಡಿಸುತ್ತ. “ಜರಿ ಚುಚ್ಚಿತು, ಒಲ್ಲೆ ಅಂತ ಬಂತು.”

“ಬೆಕ್ಕಿಗೇನು ತಿಳೀತೈತಿ ವೈನೀ!” ಎಂದ. ಆದರೆ ನಗು ನಿಂತಿತ್ತು.

ಹತ್ತು ಗಂಟೆಗೆ ನಾನು ಬರಿಗೈಯಲ್ಲಿ ಹೋದೆ. ನನ್ನ ಹೆಸರು ಬರೆದ ಗಾಜಿನ ಪೆಟ್ಟಿಗೆ ಖಾಲಿ. ರತ್ನಮ್ಮ ಹದಿನಾರು ವರ್ಷದ ಹಿಂದೆ ನಾನು ನೇಯ್ದ ಸೀರೆ ಉಟ್ಟು ಅದರ ಪಕ್ಕದಲ್ಲಿ ನಿಂತಳು. “ನಾ ಉಟ್ಟದ್ದೇನು ಮಂದಿ ನೇಯ್ದದ್ದೇನು?” ಎಂದಳು. ಗಾಜಿನೊಳಗಿನದನ್ನು ಮುಟ್ಟುವಂತಿಲ್ಲ, ಇವಳ ಸೆರಗನ್ನು ಬಂದವರೆಲ್ಲ ಬೆರಳಲ್ಲಿ ಹಿಡಿದು, ಕೆನ್ನೆಗೂ ಒತ್ತಿಕೊಂಡು ನೋಡಿದರು. ನಿಜ ಹೇಳಲು ಕೂತಿರುವುದರಿಂದ ಇದನ್ನೂ ಹೇಳಬೇಕು: ಪ್ರಶಸ್ತಿಪತ್ರ ನರಸಪ್ಪನಿಗೇ ಬಂತು.

ನನ್ನ ಸೀರೆ ಅಜ್ಜಿಯ ಮನೆಯಲ್ಲಿ, ಬೆಕ್ಕಿನ ಕೆಳಗೇ ಉಳಿಯಿತು. ನಲವತ್ತು ವರ್ಷದಿಂದ ನೇಯುತ್ತಿದ್ದೇನೆ. ನನ್ನ ಹೆಚ್ಚಿನ ಸೀರೆಗಳು ಬೀರುವಿನಲ್ಲಿ ಮಡಿಕೆ ಬಿಚ್ಚದೆ ಮಲಗಿರುತ್ತವೆ. ಹಗಲೂ ರಾತ್ರಿ ಒಬ್ಬರಿಗೆ ಬೇಕಾಗಿದ್ದು ಅದೊಂದೇ ಇರಬೇಕು.

ಕಂಡವರು ಯಾರು, ಅವರಲ್ಲಿ ಈಗ ಸಾಕ್ಷಿ ಹೇಳಲು ಇರುವವರು ಯಾರು? ರತ್ನಮ್ಮ ಇದ್ದಾಳೆ, ಕೇಳದಿದ್ದರೂ ಹೇಳುತ್ತಾಳೆ. ನೆರ್ಮಿನ್ ಅಜ್ಜಿ ಇದ್ದಾಳೆ. ಹೆರಿಗೆಗೆ ಸಾಕ್ಷಿ, ಆಯ್ಕೆಗಲ್ಲ. ಬೂದು ಬೆಕ್ಕೂ ನಾಲ್ಕು ಮರಿಗಳೂ ಗಟ್ಟಿಯಾಗಿವೆಯೆಂದು ಅವಳು ಫೋನಿಗೆ ಚಿತ್ರ ಕಳಿಸಿದ್ದಾಳೆ. ನರಸಪ್ಪ ಗದ್ವಾಲದಲ್ಲಿ ಚೆನ್ನಾಗಿದ್ದಾನೆ. ಬೆಕ್ಕು ತನ್ನ ಪೆಟ್ಟಿಗೆಯ ಕಡೆ ತಿರುಗಿಯೂ ನೋಡಲಿಲ್ಲ ಎಂದು ಊರಿಗೆಲ್ಲ ಹೇಳುತ್ತಾನೆ. ಹೋದ ವಾರ ಅವನದೇ ಫೋನು ಬಂತು. ಮಗಳಿಗೆ ಹೆರಿಗೆಯಾಗಿದೆಯಂತೆ.

“ಅಣ್ಣಾ, ತೊಟ್ಟಲಕ್ಕ ಹಾಕಾಕ, ವೈನಿ ಉಟ್ಟು ಮೆತ್ತಗಾಗಿದ್ದು ಒಂದು ಹಳೇ ಸೀರಿ ಕಳಸ್ರಿ” ಎಂದ. ಫೋನು ಇಡುವ ಮುಂಚೆ, “ಜರಿ ಇಲ್ಲದ್ದು” ಎಂದ.

ಸೀರೆಯನ್ನು ಅಂದೇ ಕಳಿಸಿದೆ. ಬೆಕ್ಕಿನ ಆಯ್ಕೆಯ ಸಾಕ್ಷಿಗಳ ಪಟ್ಟಿಯಲ್ಲಿ ಅವನ ಹೆಸರನ್ನೂ ಸೇರಿಸಿಕೊಂಡಿದ್ದೇನೆ.