ಕಾಂಪೌಂಡರ್ ಮರಿಯಪ್ಪನವರ ಅನುಮಾನ

ಕುರಿಗೆ ಹುಷಾರಿಲ್ಲವೆಂದು ಕರೆದರೆ ಕಾಂಪೌಂಡರ್ ಮರಿಯಪ್ಪನವರು ಬಂದು ಮೊದಲು ಮನೆಯವರ ಮುಖ ನೋಡುತ್ತಿದ್ದರು. ಒಬ್ಬೊಬ್ಬರನ್ನೇ, ನಿಧಾನವಾಗಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು. ಆಮೇಲೆ ಒಂದೇ ಪ್ರಶ್ನೆ: “ಏನ್ ತಿನ್ಸಿದ್ರಿ? ದಿಟ ಯೋಳಿ.”

ಅರಕಲಗೂಡು ಕಡೆಯ ದನದಾಸ್ಪತ್ರೆಗಳಲ್ಲಿ ಸರ್ವೀಸು ಮುಗಿಸಿ, ಹೊಳೆನರಸೀಪುರದಲ್ಲಿ ನಮ್ಮ ಹಿಂದಿನ ಬೀದಿಗೆ ಬಂದು ನೆಲೆಸಿದ್ದರು. ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳು ಚನ್ನರಾಯಪಟ್ಟಣದಲ್ಲಿದ್ದಳು. ನಾನು ಇಲ್ಲಿನ ಹೈಸ್ಕೂಲಿನಲ್ಲಿ ಟೀಚರು. ತಾಯಿ ಸತ್ತ ಎರಡು ಕುರಿಮರಿಗಳನ್ನು ತಂದು ಬಾಟಲಿ ಹಾಲು ಕುಡಿಸಿ ಸಾಕಿದ್ದೆ. ಮಾರುವುದಕ್ಕಲ್ಲ, ಸುಮ್ಮನೆ ಆಸೆಗೆ. ದೊಡ್ಡದರ ಹೆಸರು ಸುಬ್ಬಿ, ಚಿಕ್ಕದು ಚಿನ್ನಿ.

ಒಂದು ಮಧ್ಯಾಹ್ನ ಸ್ಕೂಲಿಂದ ಬಂದಾಗ ಸುಬ್ಬಿ ಮೂಲೆಯಲ್ಲಿ ನಿಂತು ಹಲ್ಲು ಕಡಿಯುತ್ತಿತ್ತು. ಎಡಹೊಟ್ಟೆ ಉಬ್ಬಿತ್ತು, ಮೆಲುಕು ನಿಂತುಹೋಗಿತ್ತು. ನನ್ನ ಅನುಮಾನ ನೇರವಾಗಿ ಪಕ್ಕದ ಮನೆಯ ಜಯಮ್ಮನ ಮೇಲೆ ಹೋಯಿತು. ಕುರಿ ವಾಸನೆ ಬರುತ್ತದೆ ಎಂದು ಆಕೆ ಜಗಳ ಆಡಿ ವಾರವಾಗಿರಲಿಲ್ಲ. ಗೋಡೆಯ ಆಚೆಯಿಂದ ಏನೋ ಎಸೆದಿದ್ದಾಳೆ ಎಂದೇ ಮರಿಯಪ್ಪನವರಿಗೆ ಹೇಳಿದೆ.

ಅವರು ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕುರಿಯ ಬಾಯಿ ಬಿಡಿಸಿ ಮೂಸಿದರು, ಹಿಕ್ಕೆಯನ್ನು ಕಡ್ಡಿಯಲ್ಲಿ ಕೆದಕಿದರು. ಆಮೇಲೆ ನನ್ನ ಗಂಡನನ್ನು ಜಗಲಿಗೆ, ನನ್ನನ್ನು ಹಿತ್ತಿಲಿಗೆ, ಅತ್ತೆಯನ್ನು ಅಡುಗೆಮನೆ ಬಾಗಿಲಿಗೆ ಕರೆದು ಬೇರೆಬೇರೆಯಾಗಿ ವಿಚಾರಿಸಿದರು. ಮೂವರೂ “ಬರೀ ಹುಲ್ಲು” ಎಂದೆವು. ಕೊನೆಗೆ ಎಲ್ಲರನ್ನೂ ಹಿತ್ತಿಲಿಗೆ ಕರೆದರು.

“ಉಲ್ಲು ತಿಂದ ಬಾಯಿ ಇಂಗೆ ಉಳಿ ನಾರಕಿಲ್ಲ,” ಎಂದು ಅತ್ತೆಯ ಕಡೆ ತಿರುಗಿದರು. “ಅನ್ನ ಎಷ್ಟ್ ಆಕಿದ್ರಿ, ಅಮ್ಮ?”

ಅತ್ತೆ ಸೆರಗು ಸರಿಮಾಡಿಕೊಂಡರು. “ನಿನ್ನೆ ಪೂಜೆದು ಮಿಕ್ಕಿತ್ತು. ಎಸೆಯೋಕೆ ಮನ್ಸು ಬರ್ಲಿಲ್ಲ. ಒಂದು ಪಾತ್ರೆ ಅಷ್ಟೇ. ಚಿನ್ನಿಗೂ ಬಿಡ್ದೆ ಸುಬ್ಬಿನೇ ತಿಂತು.”

ಮರಿಯಪ್ಪನವರು ದನದಾಸ್ಪತ್ರೆಯ ಡಾಕ್ಟರಿಗೆ ಫೋನು ಮಾಡಿ ವಿಷಯ ತಿಳಿಸಿದರು. ಡಾಕ್ಟರು ಹೇಳಿದ ಅಳತೆಗೆ ಅಡುಗೆ ಸೋಡವನ್ನು ನೀರಲ್ಲಿ ಕರಗಿಸಿ, ಕುರಿಯ ಕೆನ್ನೆಯ ಪಕ್ಕದಿಂದ ಸ್ವಲ್ಪಸ್ವಲ್ಪವೇ ಕುಡಿಸಿದರು. “ತಲೆ ಮ್ಯಾಕೆತ್ತಬ್ಯಾಡಿ, ಶ್ವಾಸಕ್ಕೆ ಓಗ್ಬುಡ್ತದೆ.” ಸಂಜೆ ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು ಹೋದರು. ಮೂರು ದಿನ ಒಣ ರಾಗಿಹುಲ್ಲು, ನೀರು ಬಿಟ್ಟು ಬೇರೇನೂ ಇಲ್ಲ. ನಾಲ್ಕನೆಯ ದಿನ ಸುಬ್ಬಿ ಮಲಗಿ ಮೆಲುಕು ಹಾಕಿತು. ಜಯಮ್ಮ ಎದುರು ಸಿಕ್ಕಾಗ ನಾನು ತಲೆ ತಗ್ಗಿಸಿದೆ.

ಮಳೆಗಾಲದಲ್ಲಿ ಮತ್ತೆ ಶುರುವಾಯಿತು. ಈ ಸಲ ಹೊಟ್ಟೆ ಉಬ್ಬಲಿಲ್ಲ. ವಾರಕ್ಕೊಮ್ಮೆ ಸುಬ್ಬಿಗೆ ಭೇದಿ. ಹುಳದ ಔಷಧಿ ಹಾಕಿಸಿದ್ದಾಗಿತ್ತು. ಮರಿಯಪ್ಪನವರು ಬಂದು ನೋಡಿ, “ಯಾರೋ ಕದ್ದು ತಿನ್ನುಸ್ತಾವ್ರೆ, ಟೀಚರಮ್ಮ,” ಎಂದು ಹೋಗುತ್ತಿದ್ದರು. ನಾನು ರಾಗಿ ಡ್ರಮ್ಮಿಗೆ ಬೀಗ ಹಾಕಿದೆ. ಅತ್ತೆ, “ನನ್ನನ್ನ ಕಳ್ಳಿ ಮಾಡ್ಬಿಟ್ಯಲ್ಲ” ಎಂದು ಮಾತು ಬಿಟ್ಟರು. ಗಂಡ ಹಿತ್ತಿಲಿಗೆ ಹೋದರೂ ನಾನು ಕಿಟಕಿಯಿಂದ ಇಣುಕುತ್ತಿದ್ದೆ. ಮೂರು ಜನರಿದ್ದ ಮನೆಯಲ್ಲಿ ಮೂವರೂ ಒಬ್ಬರ ಕೈಯನ್ನು ಇನ್ನೊಬ್ಬರು ನೋಡುವಂತಾಯಿತು.

ಒಂದು ಬೆಳಿಗ್ಗೆ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ವಾಕಿಂಗಿಗೆ ಹೊರಟ ಮರಿಯಪ್ಪನವರು ನಮ್ಮ ಹಿತ್ತಿಲ ಗೇಟಿನ ಹತ್ತಿರ ನಿಂತರು. ಸುಬ್ಬಿ ಅರಚುತ್ತಾ ಗೇಟಿಗೆ ಓಡಿತು, ಚಿನ್ನಿ ದೂರವೇ ನಿಂತಿತು. ಅವರು ಆಚೀಚೆ ನೋಡಿ, ಜೇಬಿಂದ ಬೇಕರಿ ಪೊಟ್ಟಣ ತೆಗೆದು, ಗೇಟಿನ ಸಂದಿಯಲ್ಲಿ ಬನ್ನು ಕೊಟ್ಟರು. ಒಂದಲ್ಲ, ನಾಲ್ಕು.

ನಾನು ಕೆಳಗಿಳಿದು ಬರುವಷ್ಟರಲ್ಲಿ ಅವರು ಪೊಟ್ಟಣವನ್ನು ಮುದುರುತ್ತಿದ್ದರು. ನನ್ನನ್ನು ನೋಡಿ ಅದನ್ನು ಮುಚ್ಚಿಡಲೂ ಇಲ್ಲ.

“ನೀವಾ?” ಎಂದೆ.

“ನಾನೇ ಕಣವ್ವ.”

“ಮತ್ತೆ ನಮ್ಮತ್ತೆನ ಅಷ್ಟು ದಿನ...”

“ಮೊದ್ಲು ಒಂದು ಬನ್ನು. ಅದ್ರಿಂದೇನು ಆಯ್ತದೆ ಅನ್ಕಂಡೆ. ಆಮೇಕೆ ನನ್ನಿಂದ್ಲೇ ಅಂತ ಒಪ್ಕಳಕ್ಕೆ ಆಗ್ನಿಲ್ಲ.” ಬಲಗೈ ಚಾಚಿ ತೋರಿಸಿದರು. “ಸರ್ವೀಸ್ ಪೂರ್ತಿ ಸೂಜಿ ಚುಚ್ಚಿದ ಕೈ ಇದು. ನನ್ ಕಂಡ್ರೆ ಕುರಿ ಎಲ್ಲಾ ಓಡೋವು. ಇದೊಂದು ನನ್ ಸದ್ದು ಕೇಳಿ ಗೇಟ್‌ಗಂಟ ಬತ್ತಿತ್ತು.”

ಅವತ್ತೇ ಮನೆಯೊಳಗೆ ಬಂದು ಅತ್ತೆಯ ಮುಂದೆ ಕೈಮುಗಿದರು. ಅತ್ತೆ ಕಾಫಿ ತಂದು ಅವರ ಮುಂದಿಟ್ಟು ಒಳಗೆ ಹೋದರು. ಸುಬ್ಬಿಯ ಭೇದಿ ಆ ವಾರವೇ ನಿಂತಿತು.

ಆಮೇಲೆ ಅವರು ಬೇರೆ ದಾರಿಯಲ್ಲಿ ವಾಕಿಂಗ್ ಹೋಗತೊಡಗಿದರು. ಸಂಕ್ರಾಂತಿ ಕಳೆದು ಮಗಳ ಮನೆಗೆ ಹೋದವರು ಅಲ್ಲೇ ತೀರಿಕೊಂಡರು. ಹೊರಡುವ ಹಿಂದಿನ ದಿನ ಹಲಸಿನ ಸೊಪ್ಪಿನ ಒಂದು ಕಟ್ಟು ಹಿಡಿದು ಬಂದಿದ್ದರು. ಗೇಟಿನಾಚೆಯೇ ನಿಂತು ನನ್ನನ್ನು ಕೂಗಿ ಕರೆದು, ಕಟ್ಟನ್ನು ನನ್ನ ಕೈಗೆ ಕೊಟ್ಟು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. “ನೀವೇ ತಿನ್ನಿಸಿ” ಎಂಬ ಮಾತು ನನ್ನ ನಾಲಿಗೆಯವರೆಗೆ ಬಂದಿತ್ತು. ಅಷ್ಟರಲ್ಲೇ ನನ್ನ ಬೆರಳುಗಳು ಎಲೆಗಳ ನಡುವೆ ತಡಕಾಡುತ್ತಿದ್ದವು. ಅವರು ಅದನ್ನು ನೋಡಿದರು.

“ಪೂರ್ತಿ ಬಿಚ್ಚಿ ನೋಡ್ಬುಡಿ, ಟೀಚರಮ್ಮ,” ಎಂದರು, ಮೆಲ್ಲಗೆ.

ನಾನು ಬಿಚ್ಚಿ ನೋಡಿದೆ. ಬರೀ ಸೊಪ್ಪಿತ್ತು.